ಲಂಡನ್–ಪ್ಯಾರಿಸ್: 344 ಕಿ.ಮೀ.ಗೆ ಎಷ್ಟು ಹೊತ್ತು?

ಮಾನ್ಯ ಸಂಪಾದಕರೇ,

ಲಂಡನ್ನಿಂದ ಪ್ಯಾರಿಸ್‌ಗೆ 344 ಕಿ.ಮೀ., ವಿಮಾನದಲ್ಲಿ ಒಂದು ಗಂಟೆ ಎಂದು ಪ್ರವಾಸ ಪುರವಣಿಗಳಲ್ಲಿ ಬರೆಯುವುದು ರೂಢಿ. ಈ ಲೆಕ್ಕ ನೆಚ್ಚಿಕೊಂಡು ಪ್ಯಾರಿಸ್ಸಿನಿಂದ ಮುಂದಿನ ರೈಲಿಗೆ ಟಿಕೆಟ್ ತೆಗೆದವರು ಪೇಚಿಗೆ ಸಿಕ್ಕುತ್ತಾರೆ.

344 ಎಂಬುದು ಎರಡು ನಗರಗಳ ನಡುವಿನ ನೇರ ಅಂತರ. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಿಂದ ಪ್ಯಾರಿಸ್ಸಿನ ಷಾರ್ಲ್ ದ ಗಾಲ್ ವಿಮಾನ ನಿಲ್ದಾಣಕ್ಕೆ ಸುಮಾರು 348 ಕಿ.ಮೀ. ವಿಮಾನ ಕ್ರಮಿಸುವುದು ಇದಕ್ಕಿಂತ ಹೆಚ್ಚು. ಹೀಥ್ರೂದಲ್ಲಿ ಪಶ್ಚಿಮದ ಗಾಳಿಯೇ ಜಾಸ್ತಿ. ಗಾಳಿಗೆ ಎದುರಾಗಿ ಪಶ್ಚಿಮಕ್ಕೇ ಏರಿ, ಆಮೇಲೆ ಆಗ್ನೇಯದಲ್ಲಿರುವ ಪ್ಯಾರಿಸ್ಸಿನತ್ತ ತಿರುಗಬೇಕು.

ಗಂಟೆಗೆ 800 ಕಿ.ಮೀ. ವೇಗವೆಂದು ಭಾಗಿಸಿದರೆ 26 ನಿಮಿಷ ಬರುತ್ತದೆ. ಆದರೆ ಇಷ್ಟು ಕಡಿಮೆ ದೂರದಲ್ಲಿ ಏರುವುದು, ಇಳಿಯುವುದೇ ಬಹುಪಾಲು. 25,000 ಅಡಿಯಿಂದ ಇಳಿಯಲು ಸುಮಾರು 140 ಕಿ.ಮೀ. ಬೇಕು. ಪೂರ್ಣ ವೇಗದ ಹಾರಾಟ ಕೆಲವೇ ನಿಮಿಷ. ಹೀಗಾಗಿ ಆಕಾಶದಲ್ಲಿರುವುದು 45–50 ನಿಮಿಷವಾದರೆ, ವೇಳಾಪಟ್ಟಿಯಲ್ಲಿ ಕಾಣುವುದು ಒಂದೂಕಾಲು ಗಂಟೆ ಅಥವಾ ಇನ್ನೂ ಹತ್ತು ನಿಮಿಷ ಹೆಚ್ಚು. ಅದು ಗೇಟು ಬಿಟ್ಟಾಗಿನಿಂದ ಗೇಟು ಸೇರುವವರೆಗಿನ ಅವಧಿ. ಟ್ಯಾಕ್ಸಿಯಿಂಗ್ (ವಿಮಾನ ನೆಲದ ಮೇಲೆ ಸಾಗುವುದು), ರನ್‌ವೇ ಮುಂದಿನ ಸರದಿ ಎಲ್ಲವೂ ಅದರೊಳಗೇ. ಮರಳುವಾಗ ಇನ್ನೊಂದು ತಾಪತ್ರಯ: ಹೀಥ್ರೂಗೆ ಇರುವುದು ಎರಡೇ ರನ್‌ವೇ. ದಟ್ಟಣೆಯಿದ್ದರೆ ಲಂಡನ್ನಿನ ಆಗ್ನೇಯಕ್ಕಿರುವ ಬಿಗಿನ್ ಹಿಲ್ ಮೇಲೆ ಸುತ್ತು ಹಾಕುತ್ತಾ ಕಾಯಬೇಕಾಗುತ್ತದೆ.

ಹೆಚ್ಚು ಜನ ಎಡವುವುದು ಗಡಿಯಾರದಲ್ಲಿ. ಪ್ಯಾರಿಸ್ ಸಮಯ ಲಂಡನ್ನಿಗಿಂತ ಒಂದು ಗಂಟೆ ಮುಂದು. ಟಿಕೆಟ್‌ನಲ್ಲಿ ಆಯಾ ಊರಿನ ಸಮಯವೇ ಇರುತ್ತದೆ. ಬೆಳಿಗ್ಗೆ 10ಕ್ಕೆ ಹೊರಟ ವಿಮಾನ 12.20ಕ್ಕೆ ತಲುಪುತ್ತದೆ; ಮರಳುವಾಗ ಮಧ್ಯಾಹ್ನ 1ಕ್ಕೆ ಹೊರಟರೆ 1.20ಕ್ಕೇ ಲಂಡನ್! ಎರಡೂ ಹಾರಾಟ 1 ಗಂಟೆ 20 ನಿಮಿಷದವೇ. ಪುರವಣಿಯಲ್ಲಿ ಹೊರಡುವ, ತಲುಪುವ ವೇಳೆಯ ಪಕ್ಕ ‘ಸ್ಥಳೀಯ ಸಮಯ’ ಎಂದು ಸೇರಿಸಿದರೆ ಸಾಕು.

ಇನ್ನು ಊರಿನಿಂದ ಊರಿಗೆ. ಲಂಡನ್ನಿನ ಪ್ಯಾಡಿಂಗ್ಟನ್ ರೈಲು ನಿಲ್ದಾಣದಿಂದ ಹೀಥ್ರೂಗೆ ಎಕ್ಸ್‌ಪ್ರೆಸ್ ರೈಲಿನಲ್ಲಿ 15 ನಿಮಿಷ. ಷಾರ್ಲ್ ದ ಗಾಲ್‌ನಿಂದ ಪ್ಯಾರಿಸ್ಸಿನ ಗಾರ್ ದು ನಾರ್ ರೈಲು ನಿಲ್ದಾಣಕ್ಕೆ ಆರ್‌ಇಆರ್ ‘ಬಿ’ ಉಪನಗರ ರೈಲಿನಲ್ಲಿ ಅರ್ಧ ಗಂಟೆ. ಭದ್ರತಾ ತಪಾಸಣೆ, ಪಾಸ್‌ಪೋರ್ಟ್ ಸಾಲು, ಲಗೇಜು ಸೇರಿದರೆ ಆ ‘ಒಂದು ಗಂಟೆ’ ನಾಲ್ಕು ದಾಟುತ್ತದೆ. ಯೂರೋಸ್ಟಾರ್ ರೈಲು ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ ಕಡಲಡಿಯ ಸುರಂಗ ಹಾದು 492 ಕಿ.ಮೀ. ಓಡಿದರೂ ಎರಡೂಕಾಲು–ಎರಡೂವರೆ ಗಂಟೆಯಲ್ಲಿ ನೇರ ಗಾರ್ ದು ನಾರ್‌ಗೇ ಬಿಡುತ್ತದೆ. ಎರಡೂ ದೇಶಗಳ ಪಾಸ್‌ಪೋರ್ಟ್ ತಪಾಸಣೆ ಹತ್ತುವ ಮೊದಲೇ ಮುಗಿದಿರುತ್ತದೆ. ಅದಕ್ಕೇ ಕೊನೆಯ ಗಳಿಗೆಗೆ ಓಡಿಬಂದರೆ ನಡೆಯದು, ಹೊರಡುವ ಅರ್ಧ ಗಂಟೆ ಮೊದಲೇ ಗೇಟು ಮುಚ್ಚುತ್ತಾರೆ.

ಊರಿಂದೂರಿಗಾದರೆ ರೈಲೇ ವಾಸಿ. ವಿಮಾನಕ್ಕೆ ಅರ್ಥವಿರುವುದು ಷಾರ್ಲ್ ದ ಗಾಲ್‌ನಲ್ಲಿ ಮುಂದಿನ ವಿಮಾನ ಹಿಡಿಯುವವರಿಗೆ, ಅದೂ ಎರಡೂ ಪ್ರಯಾಣ ಒಂದೇ ಟಿಕೆಟ್‌ನಲ್ಲಿದ್ದಾಗ. ಬೇರೆ ಬೇರೆ ಟಿಕೆಟ್ ಆದರೆ ಸಾಮಾನ್ಯವಾಗಿ ಲಗೇಜು ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹೊಸ ಟಿಕೆಟ್ಟಿನ ಖರ್ಚು ಪ್ರಯಾಣಿಕರದ್ದೇ.

– ಓದುಗರು