ಮಗಳಿಗೊಂದು ಪತ್ರ: ನನ್ನ ಮಣ್ಣುದಾರಿಗಳು

ಪುಟ್ಟಿ,

ಯಲಹಂಕದ ಹಾಸ್ಟೆಲಿಗೆ ಸೈಕಲ್ ತಂದುಕೊಂಡಿದ್ದೇನೆ, ಸುತ್ತ ಬರೀ ಫ್ಲೈಓವರ್ ಕಾಣುತ್ತಿದೆ, ಎಂಟಿಬಿ (ಮೌಂಟನ್ ಬೈಕ್) ಎಲ್ಲಿ ಓಡಿಸಲಿ ಅಂತ ಕೇಳಿದೆಯಲ್ಲ. ಫೋನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮನಾಲಿಗೋ ಲಡಾಖಿಗೋ ಹೋದರೆ ಮಾತ್ರ ಮೌಂಟನ್ ಬೈಕಿಂಗ್ ಅಂದುಕೊಳ್ಳಬೇಡ. ನನಗೆ ಇಷ್ಟವಾದ ಜಾಗಗಳೆಲ್ಲ ಬೆಳಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ಮನೆ ಸೇರುವಷ್ಟು ದೂರದಲ್ಲೇ ಇವೆ. ಹತ್ತಿರ ಇದ್ದರೆ ತಾನೇ ಮತ್ತೆ ಮತ್ತೆ ಹೋಗುವುದು? ಹಾಗೆ ಹೋಗುತ್ತಾ ಹೋಗುತ್ತಾ ಒಂದು ದಾರಿಯ ಕಲ್ಲು, ಬೇರು, ತಿರುವು ಎಲ್ಲ ಮೈಗೆ ಗೊತ್ತಾಗುತ್ತವೆ. ನನಗೆ ಈ ಆಟದಲ್ಲಿ ತುಂಬಾ ಖುಷಿ ಕೊಡುವುದು ಅದೇ.

ನಿನಗೆ ತೀರಾ ಹತ್ತಿರ ಆವಲಹಳ್ಳಿ ಕಾಡು, ದೊಡ್ಡಬಳ್ಳಾಪುರ ರಸ್ತೆ ಕಡೆ. ನೀಲಗಿರಿ ಮರಗಳ ನಡುವೆ ಕೆಂಪು ಮಣ್ಣಿನ ದಾರಿಗಳು ಒಂದರೊಳಗೊಂದು ಸೇರಿಕೊಂಡಿವೆ. ಉಸಿರು ಕಟ್ಟಿಸುವ ಏರುಗಳಿಲ್ಲ. ಹಾಗಂತ ಸುಲಭ ಅಂತಲೂ ಅಲ್ಲ, ತಿರುವುಗಳು ಜಾಸ್ತಿ, ಮಳೆನೀರು ಕೊರೆದ ಹಳ್ಳಗಳು ಅಲ್ಲಲ್ಲಿ ದಾರಿಗೆ ಅಡ್ಡ ಬರುತ್ತವೆ. ಮೊದಲ ಸಲ ಹೋದಾಗ ಸ್ಪೀಡಿಗೆ ಹೋಗಬೇಡ. ಕಷ್ಟ ಅನ್ನಿಸಿದ ಕಡೆ ಸೈಕಲ್ ಒರಗಿಸಿ ನಡೆದು ನೋಡು, ಎಲ್ಲಿ ಚಕ್ರ ಇಡಬೇಕು ಅಂತ ಕಾಲಿಗೆ ಬೇಗ ತಿಳಿಯುತ್ತದೆ. ಇಳಿಜಾರಿನಲ್ಲಿ ಸೀಟಿನಿಂದ ಎದ್ದು, ಎರಡೂ ಪೆಡಲ್ ಒಂದೇ ಮಟ್ಟಕ್ಕೆ ತಂದು, ಹಿಮ್ಮಡಿ ಕೆಳಗೆ ಒತ್ತಿ, ಮೊಣಕೈ ಸಡಿಲ ಬಿಟ್ಟು ನಿಲ್ಲು. ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿದು, ತಿರುವಿನೊಳಗೆ ಬಿಟ್ಟುಬಿಡು. ಕಣ್ಣು ಮುಂದಿನ ಚಕ್ರದ ಮೇಲೆ ಇರಬಾರದು, ದಾರಿ ಎಲ್ಲಿಗೆ ಹೋಗುತ್ತದೋ ಅಲ್ಲಿರಬೇಕು. ಕಲ್ಲನ್ನೇ ನೋಡುತ್ತಿದ್ದರೆ ಸೈಕಲ್ ಕಲ್ಲಿಗೇ ಹೋಗುತ್ತದೆ, ನಿಜವಾಗಲೂ.

ಆಮೇಲೆ ಹೆಸರಘಟ್ಟ. ಅಲ್ಲಿ ಏರಿಳಿತಕ್ಕೆ ಹೋಗುವುದಲ್ಲ, ಬಯಲಿಗೆ ಹೋಗುವುದು. ಹುಲ್ಲುಗಾವಲಿನ ಮಧ್ಯೆ ಬಂಡಿದಾರಿ ಹಿಡಿದು ಗಾಳಿಗೆ ಎದುರಾಗಿ ಪೆಡಲ್ ತುಳಿದರೆ ತೊಡೆಗೆ ಸರಿಯಾದ ಕೆಲಸ. ಆದರೆ ಹುಲ್ಲಿನ ಮೇಲೆ ಮಾತ್ರ ಚಕ್ರ ಹತ್ತಿಸಲೇಬೇಡ. ನೆಲದ ಮೇಲೇ ಮೊಟ್ಟೆ ಇಡುವ ಹಕ್ಕಿಗಳು ಅಲ್ಲಿವೆ, ನಮಗೆ ಬರೀ ಹುಲ್ಲು ಅನ್ನಿಸುವುದು ಅವುಗಳ ಮನೆ. ಇರುವ ದಾರಿಯಲ್ಲೇ ಹೋಗು, ಒಳಗೆ ಬಿಡದಿದ್ದರೆ ಹೊರಗಿನ ಹಳ್ಳಿದಾರಿಗಳೇ ಸಾಕು.

ಒಂದು ವಿಷಯ ಹೇಳಲೇಬೇಕು. ಮ್ಯಾಪ್ ತೆರೆದು ಅರ್ಕಾವತಿ ಹೊಳೆಯನ್ನು ಬೆರಳಲ್ಲಿ ಹಿಡಿದುಕೊಂಡು ಹೋಗು. ನಂದಿಬೆಟ್ಟದಲ್ಲಿ ಹುಟ್ಟುತ್ತದೆ, ಹೆಸರಘಟ್ಟ ಕೆರೆಗೆ ಬರುತ್ತದೆ (1894ರಲ್ಲಿ ಬೆಂಗಳೂರಿಗೆ ಕುಡಿಯುವ ನೀರಿಗೆಂದು ಕಟ್ಟಿಸಿದ್ದು), ಅಲ್ಲಿಂದ ತಿಪ್ಪಗೊಂಡನಹಳ್ಳಿ ಜಲಾಶಯ, ಆಮೇಲೆ ಮಂಚನಬೆಲೆ ಜಲಾಶಯ, ಕೊನೆಗೆ ಸಂಗಮದಲ್ಲಿ ಕಾವೇರಿ. ನನ್ನ ಇಷ್ಟದ ದಾರಿಗಳಲ್ಲಿ ಮುಕ್ಕಾಲು ಪಾಲು ಈ ಒಂದು ಹೊಳೆಯ ಅಕ್ಕಪಕ್ಕದಲ್ಲೇ ಇವೆ! ಬಹಳಷ್ಟು ಕಡೆ ಹೊಳೆಯಲ್ಲಿ ಈಗ ನೀರೇ ಕಾಣುವುದಿಲ್ಲ, ಅದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ನಂದಿಯ ವಿಷಯ ನಿನ್ನ ಫ್ರೆಂಡ್ಸೇ ಹೇಳಿರುತ್ತಾರೆ. 1,478 ಮೀಟರ್ ಎತ್ತರ, ಡಾಂಬರು ರಸ್ತೆಯ ಏರು, ರೋಡ್ ಬೈಕಿನವರಿಗೆ ಹಬ್ಬ. ಒಂದು ಸಲ ಹತ್ತು, ಚೆನ್ನಾಗಿರುತ್ತದೆ. ನನಗೆ ಮಾತ್ರ ಬೆಟ್ಟಕ್ಕಿಂತ ಆ ಕಡೆಯ ಮಣ್ಣುದಾರಿಗಳು ಮೇಲು, ಅದರಲ್ಲೂ ಮಾಕಳಿದುರ್ಗ, ಘಾಟಿ ಸುಬ್ರಹ್ಮಣ್ಯದ ಸುತ್ತಮುತ್ತ. ದ್ರಾಕ್ಷಿ ತೋಟ, ರಾಗಿ ಹೊಲ, ಮಧ್ಯೆ ರೈಲು ಹಳಿ, ಹಿಂದೆ ಕಲ್ಲುಗುಡ್ಡ. ದಾರಿ ತಪ್ಪಿದರೆ ಯಾರನ್ನಾದರೂ ಕೇಳು, ಕೇಳಿದವರು ಮಜ್ಜಿಗೆ ಕೊಟ್ಟೇ ಕಳಿಸುತ್ತಾರೆ.

ಸಾವನದುರ್ಗ, ಮಂಚನಬೆಲೆ ಕಡೆ ನೀನೊಬ್ಬಳೇ ಹೋಗಬೇಡ, ನಾನು ಜೊತೆಗೆ ಬರುತ್ತೇನೆ. ಅಷ್ಟು ದೊಡ್ಡ ಒಂದೇ ಬಂಡೆಯನ್ನು ಎಡಕ್ಕೆ ಇಟ್ಟುಕೊಂಡು ಹಳ್ಳಿಯಿಂದ ಹಳ್ಳಿಗೆ ಸೈಕಲ್ ಹೊಡೆಯುವ ಸುಖವೇ ಬೇರೆ. ಆದರೆ ಸುತ್ತಲಿನ ಕಾಡಲ್ಲಿ ಚಿರತೆ, ಕರಡಿ ಇವೆ, ಸಂಜೆ ಆಗುವ ಮೊದಲು ವಾಪಸ್ ಹೊರಡಲೇಬೇಕು. ಮಂಚನಬೆಲೆ ನೀರಿಗೆ ಇಳಿಯುವ ಮಾತೇ ಬೇಡ, ಎಷ್ಟು ಸೆಕೆ ಆಗಿದ್ದರೂ ಸರಿ, ಫ್ರೆಂಡ್ಸ್ ಎಷ್ಟು ಕರೆದರೂ ಸರಿ. ಅಲ್ಲಿ ಮುಳುಗಿ ಸತ್ತವರು ತುಂಬಾ ಜನ.

ಇನ್ನು ನಮ್ಮ ತುರಹಳ್ಳಿ. ಕನಕಪುರ ರಸ್ತೆಯ ಈ ಕಾಡಿನ ಬಗ್ಗೆ ನಿನಗೆ ಹೊಸದಾಗಿ ಏನು ಹೇಳಲಿ, ನೀನು ಚಿಕ್ಕವಳಿದ್ದಾಗಿಂದ ಆ ಬಂಡೆಗಳ ಮೇಲೆ ಓಡಾಡಿದವಳು. ಆದರೂ ಸೈಕಲ್ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಸಣ್ಣ ಕಾಡಾದರೂ ಅದರೊಳಗೆ ಎಲ್ಲ ಇದೆ: ಸಡಿಲ ಜಲ್ಲಿ, ಬೇರು, ಲಂಟಾನದ ಇಕ್ಕಟ್ಟು, ಚಕ್ರ ಕಚ್ಚಿಕೊಂಡು ಹತ್ತುವ ಒರಟು ಬಂಡೆ. ಏರಿನಲ್ಲಿ ಮೂಗು ಹ್ಯಾಂಡಲ್ ಹತ್ತಿರ ತಂದು, ಸೀಟಿನ ತುದಿಯಲ್ಲಿ ಕೂತು, ಒಂದೇ ಸಮ ತುಳಿದರೆ ಹಿಂದಿನ ಚಕ್ರ ಜಾರುವುದಿಲ್ಲ. ಇದನ್ನು ಅಲ್ಲಿನ ಬಂಡೆ ಕಲಿಸಿದಷ್ಟು ಚೆನ್ನಾಗಿ ಯಾವ ವಿಡಿಯೋನೂ ಕಲಿಸುವುದಿಲ್ಲ. ಮೇಲೆ ಹತ್ತಿ ತಿರುಗಿದರೆ ಒಂದು ಕಡೆ ಪೂರ್ತಿ ಅಪಾರ್ಟ್‌ಮೆಂಟುಗಳು, ಇನ್ನೊಂದು ಕಡೆ ನವಿಲಿನ ಕೂಗು. 2021ರಲ್ಲಿ ಅದನ್ನು ಟ್ರೀ ಪಾರ್ಕ್ ಮಾಡುತ್ತೇವೆ ಅಂತ ಹೊರಟಾಗ ಸುತ್ತಲಿನ ಜನ ಸುಮ್ನೆ ಕೂರಲಿಲ್ಲ, ಬೀದಿಗಿಳಿದರು. ಕಾಡಿಗೆ ಕಾಂಕ್ರೀಟ್ ದಾರಿ, ಬೆಂಚು ಯಾಕೆ ಬೇಕು ಹೇಳು?

ಆದರೆ ಕಾಡು ನಮಗೆ ಇಷ್ಟ ಅಂದ ಮಾತ್ರಕ್ಕೆ ಯಾವಾಗ ಬೇಕಾದರೂ ಸೈಕಲ್ ನುಗ್ಗಿಸಬಹುದು ಅಂತಲ್ಲ. ತುರಹಳ್ಳಿಯಾಗಲಿ ಆವಲಹಳ್ಳಿಯಾಗಲಿ ಅರಣ್ಯ ಇಲಾಖೆಯ ಜಾಗ. ಗೇಟಿನಲ್ಲಿ ಗಾರ್ಡ್ ಇದ್ದರೆ ಸಮಯ ಕೇಳಿ ಒಳಗೆ ಹೋಗು, ಇವತ್ತು ಬೇಡ ಅಂದರೆ ನಮಸ್ಕಾರ ಹೇಳಿ ವಾಪಸ್ ಬಾ. ನಡೆಯುವವರು ಎದುರು ಬಂದರೆ ನೀನೇ ಇಳಿದು ದಾರಿ ಬಿಡು. ಮಳೆ ಬಂದ ಮಾರನೇ ದಿನ ಹೋಗಲೇಬೇಡ. ನಮ್ಮ ಕೆಂಪು ಮಣ್ಣು ಆಗ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ, ದಾರಿಯಲ್ಲಿ ಗೀರು ಬೀಳುತ್ತದೆ, ಆ ಗೀರಿನಲ್ಲೇ ಮುಂದಿನ ಮಳೆಯ ನೀರು ಹರಿದು ಇಡೀ ದಾರಿ ಕಿತ್ತುಹೋಗುತ್ತದೆ. ಎರಡು ಮೂರು ದಿನ ಬಿಸಿಲು ಬೀಳಲಿ, ಮಣ್ಣು ಹದಕ್ಕೆ ಬರಲಿ, ಆಗ ಹೋಗು. ಆಗ ಸಿಗುವ ಹಿಡಿತ ಮಾರ್ಚ್ ತಿಂಗಳ ಧೂಳಲ್ಲಿ ಸಿಗುವುದೇ ಇಲ್ಲ.

ಎಲ್ಲಿಗೇ ಹೋದರೂ ಜೊತೆಗೊಬ್ಬರು ಇರಲಿ, ಲೊಕೇಶನ್ ನನಗೆ ಕಳಿಸಿರು. ಹುಡುಗಿ ಅಂತ ಕಟ್ಟಿ ಹಾಕುತ್ತಿದ್ದೇನೆ ಅಂದುಕೊಳ್ಳಬೇಡ ಕಂದ, ನಾನೂ ಒಬ್ಬಳೇ ಹೋಗುವುದಿಲ್ಲ. ಬಿದ್ದಾಗ ಫೋನ್ ಮಾಡಲಾದರೂ ಇನ್ನೊಬ್ಬರು ಬೇಕಲ್ವಾ?

ಮುಂದಿನ ಭಾನುವಾರ ಮಳೆ ಇಲ್ಲದಿದ್ದರೆ ಮಂಚನಬೆಲೆಗೆ ಹೋಗೋಣ. ಅಪ್ಪ ಕಾರಲ್ಲಿ ಎರಡೂ ಸೈಕಲ್ ಹಾಕಿಕೊಂಡು ಬಿಡುತ್ತಾರೆ, ನೀನು ಶನಿವಾರವೇ ಮನೆಗೆ ಬಾ. ಅಷ್ಟರಲ್ಲಿ ಬ್ರೇಕ್ ಪ್ಯಾಡ್ ಸವೆದಿದೆಯಾ ನೋಡಿಸು. ಆ ಕಡೆ ಜಾಲಿ ಮುಳ್ಳು ಜಾಸ್ತಿ, ಸ್ಪೇರ್ ಟ್ಯೂಬ್ ತಪ್ಪದೆ ತಗೊಂಡು ಬಾ. ನಿನ್ನ ಚಕ್ರ 27.5 ಇಂಚು, ನನ್ನದು 29, ನನ್ನ ಟ್ಯೂಬ್ ನಿನಗೆ ಸರಿಯಾಗಿ ಕೂರುವುದಿಲ್ಲ.

ಅಮ್ಮ