ಟ್ರಂಕ್ ಬೋರ್ಡಿನ ಮುಂದೆ ಕಲಿತದ್ದು

ಬಳ್ಳಾರಿ

ಚಿರಂಜೀವಿ ಬಸವರಾಜನಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು.

ಕಳೆದ ವಾರ ನಿನ್ನ ಚಾನೆಲ್ಲಿಗೆ ಹಾಕಿದ ನ್ಯಾಯಬೆಲೆ ಅಂಗಡಿಯ ವಿಡಿಯೊವನ್ನು ಎರಡು ಸಲ ನೋಡಿದೆ. ಮೆಣಸಿನಕಾಯಿ ಬಿಡಿಸಿ ಬಿಡಿಸಿ ಬೆರಳಿನ ಗೆರೆಯೇ ಸವೆದುಹೋದ ಆ ಮುದುಕಿಯ ಹೆಬ್ಬೆಟ್ಟು ಯಂತ್ರಕ್ಕೆ ನಾಲ್ಕು ಸಲವೂ ಹತ್ತಲಿಲ್ಲ. ಆಕೆ ಸೆರಗಿನಲ್ಲಿ ಬೆರಳೊರೆಸಿಕೊಂಡು ಐದನೆಯ ಸಲ ಒತ್ತಿದ್ದನ್ನೂ, ಅಂಗಡಿಯವನು ತಲೆಯೆತ್ತದೆ ‘ನಾಳೆ ಬಾ’ ಎಂದದ್ದನ್ನೂ ನೀನು ಊರಿಗೆ ತೋರಿಸಿದ್ದು ಸರಿಯಾದ ಕೆಲಸ. ಆದರೆ ಕೊನೆಯಲ್ಲಿ ಆಕೆ ಸಿಟ್ಟಿನಿಂದ ಎತ್ತಿ ಹಿಡಿದ ಆಧಾರ್ ಕಾರ್ಡಿನ ಮೇಲೆ ನಿನ್ನ ಕ್ಯಾಮೆರಾ ನಿಂತುಬಿಟ್ಟಿತು. ಹನ್ನೆರಡು ಅಂಕಿಗಳನ್ನೂ ಹುಟ್ಟಿದ ತಾರೀಖನ್ನೂ ನಾನು ಕೂತಲ್ಲಿಂದಲೇ ಓದಿದೆ. ಆ ಕೆಲವು ಸೆಕೆಂಡುಗಳಿಗಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಟೆಲಿಫೋನ್ ಇಲಾಖೆಗೆ ಸೇರಿದಾಗ ಊರಿಂದೂರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಕರೆ ಜೋಡಿಸುವ ಟ್ರಂಕ್ ಬೋರ್ಡಿನ ಮುಂದೆ ಕೂತು, ತಲೆಗೆ ಹೆಡ್‌ಸೆಟ್ ಹಾಕಿಕೊಂಡು, ಒಂದು ತಂತಿಯ ಪ್ಲಗ್ಗನ್ನು ಇತ್ತಲಿನ ತೂತಿಗೂ ಇನ್ನೊಂದನ್ನು ಅತ್ತಲಿನದಕ್ಕೂ ಚುಚ್ಚಿ, ಟಿಕೆಟ್ಟಿನ ಮೇಲೆ ಸಮಯ ಬರೆದು, ಮೂರು ನಿಮಿಷವಾದಾಗ ನಡುವೆ ಹೋಗಿ ಎಚ್ಚರಿಸುವುದು ನಮ್ಮ ಕೆಲಸ. ಹೀಗೆ ನಡುವೆ ಹೋದಾಗಲೆಲ್ಲ ಒಂದಿಷ್ಟು ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಒಂದು ರಾತ್ರಿ ಹತ್ತಿ ವ್ಯಾಪಾರಿಯೊಬ್ಬರು ತಮ್ಮನಿಗೆ, ಈ ವಾರ ಬಾಕಿ ತೀರಿಸಲು ಕೈಯಲ್ಲಿ ದುಡ್ಡಿಲ್ಲ ಎಂದು ಹೇಳುತ್ತಿದ್ದುದು ಕೇಳಿಸಿತು. ಮನೆಗೆ ಬಂದು ಅವ್ವನ ಮುಂದೆ ಅದನ್ನು ಆಡಿದೆ. ಅವ್ವ ಪಕ್ಕದ ಮನೆಯಲ್ಲಿ ಆಡಿದಳು. ಮೂರನೆಯ ದಿನ ಸಾಲ ಕೊಟ್ಟವರೆಲ್ಲ ಅವರ ಅಂಗಡಿಯ ಮುಂದೆ ಒಟ್ಟಿಗೆ ನಿಂತಿದ್ದರು. ಇನ್ನೊಂದು ವಾರ ಸಿಕ್ಕಿದ್ದರೆ ಅವರು ಹೇಗೋ ದಾಟಿಕೊಳ್ಳುತ್ತಿದ್ದರೇನೋ, ಆ ವಾರ ಅವರಿಗೆ ಸಿಗಲಿಲ್ಲ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಬಸವರಾಜ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಕೊಂಡಿರಲಿಲ್ಲ.

ನಮ್ಮಂಥವರು ಹೀಗೆ ಮಾತು ಬಿಟ್ಟುಕೊಟ್ಟರೆ ಮೂರು ವರ್ಷದವರೆಗೆ ಜೈಲು ಎಂದು 1885ರ ಟೆಲಿಗ್ರಾಫ್ ಕಾಯ್ದೆಯಲ್ಲೇ ಬರೆದಿತ್ತು. ನನ್ನ ಬಾಯಿಗೆ ಬೀಗ ಹಾಕಿದ್ದು ಮಾತ್ರ ಆ ಕಾಯ್ದೆಯಲ್ಲ, ಆ ಅಂಗಡಿಯ ಮುಚ್ಚಿದ ಬಾಗಿಲು. 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪ ಬಂದು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿ ಬಿಟ್ಟಾಗ, ಪರಿಚಯದವರೊಬ್ಬರು ಸಂತೆಯಲ್ಲಿ ನನ್ನನ್ನು ನಿಲ್ಲಿಸಿ ‘ನೀವೂ ಕೇಳ್ತೀರೇನವ್ವಾ?’ ಎಂದು ಕೇಳಿದರು. ನನಗೆ ಉತ್ತರ ಕೊಡಲಾಗಲಿಲ್ಲ.

ಈಗ ನಡೆಯುತ್ತಿರುವ ಚರ್ಚೆಯೆಲ್ಲ ಸುಳ್ಳು ಸುದ್ದಿಯ ಸುತ್ತಲೇ ಇದೆ. 2025ರಲ್ಲಿ ರಾಜ್ಯ ಸರ್ಕಾರದ ಕರಡು ಮಸೂದೆ ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಜೈಲು ಎಂದಾಗ ನಿನ್ನ ಜೊತೆಯವರೆಲ್ಲ ಕಳವಳಗೊಂಡಿರಿ, ಅದು ನ್ಯಾಯವಾದ ಕಳವಳ. ಯಾವುದು ಸುಳ್ಳೆಂಬುದನ್ನು ಸರ್ಕಾರವೇ ತೀರ್ಮಾನಿಸುವುದು ನನಗೂ ಒಪ್ಪಿಗೆಯಿಲ್ಲ. ಆನ್‌ಲೈನಿನಲ್ಲಿ ಆಡಿದ ಮಾತಿಗೆ ಜನರನ್ನು ಹಿಡಿದು ಒಯ್ಯಲು ಬಳಕೆಯಾಗುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರಲ್ಲಿ ತೆಗೆದುಹಾಕಿದ್ದನ್ನು ಯಾರೂ ಮರೆಯಬಾರದು. ಆದರೆ ನಿಜವನ್ನೇ ಹೇಳಿ ಬಡವರ ಮನೆ ಕೆಡಿಸುವುದರ ಬಗ್ಗೆ ಮಾತನಾಡುವವರು ಕಡಿಮೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದರು. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸಬಾರದೆಂದು ಆಧಾರ್ ಕಾಯ್ದೆಯ 29ನೇ ಸೆಕ್ಷನ್ನಿನಲ್ಲೇ ಇದೆ. ಕಾಯ್ದೆಯ ಮಾತು ಹಾಗಿರಲಿ. ಆ ಮುದುಕಿಗೆ ನಾಳೆ ಯಾವನೋ ಫೋನ್ ಮಾಡಿ, ಆಕೆಯ ಹೆಸರು, ಊರು, ಹುಟ್ಟಿದ ತಾರೀಖು, ಹನ್ನೆರಡು ಅಂಕಿ ಎಲ್ಲವನ್ನೂ ತಾನೇ ಹೇಳಿ, ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ, ಒಟಿಪಿ ಹೇಳವ್ವಾ ಎಂದರೆ ಆಕೆ ನಂಬದೆ ಇರುತ್ತಾಳೆಯೇ?

ಖಾಸಗಿತನದ ಹೆಸರು ಹೇಳಿ ಬಾಗಿಲು ಹಾಕಿಕೊಳ್ಳುವವರೂ ಇದ್ದಾರೆ, ಅದನ್ನೂ ಬಲ್ಲೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿ ಕೊಡದಿರಲು ಅವಕಾಶವಿರುವ 8(1)(ಜೆ) ಸೆಕ್ಷನ್ನನ್ನು ಬದಲಿಸಿದ್ದಕ್ಕೆ ಕಾರ್ಯಕರ್ತರು ವಿರೋಧಿಸಿದ್ದು ಈ ಭಯದಿಂದಲೇ. ಅಂಗಡಿಗೆ ಎಷ್ಟು ಕ್ವಿಂಟಲ್ ಅಕ್ಕಿ ಬಂತು, ಎಷ್ಟು ಜನರನ್ನು ಬರಿಗೈಯಲ್ಲಿ ಕಳುಹಿಸಿದರು ಎಂಬುದು ಊರಿನ ಸೊತ್ತು, ಅದನ್ನು ಪಟ್ಟು ಹಿಡಿದು ಕೇಳು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ನನ್ನ ಫೋನಿಗೂ ‘ಡ್ಯಾಮ್ ಒಡೆಯಿತು, ಓಡಿ’ ಎಂಬ ಧ್ವನಿಸಂದೇಶಗಳು ಬಂದವು. ನೀನು ಸಿರುಗುಪ್ಪದ ಹೊಳೆಯ ದಂಡೆಗೆ ಹೋಗಿ, 33 ಗೇಟುಗಳಲ್ಲಿ ಹೋದದ್ದು ಒಂದೇ ಎಂದು ನೀರನ್ನೇ ತೋರಿಸುತ್ತ ಹೇಳಿದೆ. ಅಂದು ನಿನ್ನ ಮೇಲೆ ನನಗೆ ಹೆಮ್ಮೆಯಾಗಿತ್ತು, ಈಗಲೂ ಇದೆ.

ಈಗ ಮಾಡಬೇಕಾದದ್ದು ಇಷ್ಟು. ಆ ವಿಡಿಯೊವನ್ನು ಇವತ್ತೇ ತೆಗೆದು, ಕಾರ್ಡಿನ ಭಾಗವನ್ನು ಕತ್ತರಿಸಿ ಮತ್ತೆ ಹಾಕು. ಹಂಚಿಕೊಂಡ ಗ್ರೂಪುಗಳಲ್ಲಿ ಹಳೆಯದನ್ನು ಅಳಿಸಿರೆಂದು ಬಾಯಿಬಿಟ್ಟು ಕೇಳು, ಎಲ್ಲರೂ ಅಳಿಸುವುದಿಲ್ಲ, ಆದರೂ ಕೇಳು. ಆಮೇಲೆ ಆ ಮುದುಕಿಯ ಮನೆಗೆ ಹೋಗಿ ನಡೆದದ್ದನ್ನು ಬಿಡಿಸಿ ಹೇಳಿ, ಯಾರೇ ಫೋನಿನಲ್ಲಿ ಒಟಿಪಿ ಕೇಳಿದರೂ ಕೊಡಬಾರದೆಂದು ಮನೆಯ ಮಕ್ಕಳಿಗೂ ತಿಳಿಸು. ಆಕೆಗೇನಾದರೂ ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂದು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದು ಬಾ. ಈ ತಿಂಗಳ ಅಕ್ಕಿ ಸಿಕ್ಕಿತೋ ಇಲ್ಲವೋ ಎಂಬುದನ್ನೂ ಕೇಳಿಕೊಂಡು ಬಂದು ನನಗೆ ತಿಳಿಸು.

ಇಂತಿ,
ನಿನ್ನ ಅತ್ತೆ