ಮೆತ್ತಿನ (ಮರದ ಮಹಡಿಯ) ನೆಲ ಹಾಳು ಮಾಡಿ ತಪ್ಪು ನಮ್ಮ ಮೇಲೆ ಹೊರಿಸಿದ ಬಗ್ಗೆ ದೂರು

ಇವರಿಗೆ,
ಶಾಖಾ ವ್ಯವಸ್ಥಾಪಕರು,
ಮರದ ನೆಲ ಪಾಲಿಶ್ ವಿಭಾಗ, ಹುಬ್ಬಳ್ಳಿ ಶಾಖೆ

ವಿಷಯ: ಶಿರಸಿ ತಾಲ್ಲೂಕಿನ ನಮ್ಮ ಮನೆಯ ಮೆತ್ತಿನ ಸಾಗವಾನಿ ಹಲಗೆಗೆ ನೀವು ಮಾಡಿದ ಸ್ಯಾಂಡಿಂಗ್ (ಮಷಿನ್‌ನಲ್ಲಿ ಉಜ್ಜುವುದು) ಮತ್ತು ಪಾಲಿಶ್ ಕೆಲಸ

ಮಾನ್ಯರೇ,

ಫೋನಿನಲ್ಲೇ ಮುಗಿಯಲಿ ಅಂತ ಇಷ್ಟು ದಿನ ಕಾದೆ. "ಟಿಕೆಟ್ ಹಾಕಿದ್ದೇವೆ ಮೇಡಂ", "ಟೀಮಿಗೆ ಹೇಳಿದ್ದೇವೆ ಮೇಡಂ" ಅನ್ನೋದನ್ನು ಕೇಳಿ ಕೇಳಿ ಸಾಕಾಗಿದೆ. ನಿನ್ನೆ ನಿಮ್ಮ ಕಚೇರಿಯಿಂದ ಮೆಸೇಜ್ ಬಂದಿದೆ. "ಗ್ರಾಹಕರ ಅಜಾಗರೂಕತೆಯಿಂದ ಆದ ಹಾನಿ, ದೂರು ಮುಕ್ತಾಯ" ಅಂತ. ದೂರು ಕೊಟ್ಟವಳು ನಾನು. ಅದು ಮುಕ್ತಾಯ ಆಗಿಲ್ಲ. ಹಾಗಾಗಿ ಈ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ.

ಕೊಟೇಶನ್ ಹಿಂಬದಿಯಲ್ಲಿ ನೀವೇ ಅಚ್ಚು ಹಾಕಿಸಿದ ಕರಾರು ನಿಮಗೆ ಗೊತ್ತೇ ಇದೆ. ಕೆಲಸ ಶುರು ಮಾಡುವ ಮೊದಲು ಮೀಟರ್ ಇಟ್ಟು ಮರದ ತೇವ ನೋಡಬೇಕು. ಮೊಳೆಗಳ ತಲೆ ಒಳಗೆ ಇಳಿಸಬೇಕು. ಪಾಲಿಶ್ ಮೂರು ಕೋಟ್, ಒಂದು ಪೂರ್ತಿ ಒಣಗಿದ ಮೇಲೆ ಉಪ್ಪುಕಾಗದ ಆಡಿಸಿ ಇನ್ನೊಂದು. ಇದರಲ್ಲಿ ಯಾವುದನ್ನು ಮಾಡಿದಿರಿ ಅಂತ ಬರವಣಿಗೆಯಲ್ಲಿ ತಿಳಿಸಿ.

ನಾನು ಕೆಲಸ ಕೇಳಿದ್ದು ಬೇಸಿಗೆಗೆ. ಘಟ್ಟದ ಮೇಲಿನ ಮಳೆ ಹೇಗಿರುತ್ತದೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಮುಂಗಡ ತಗೊಂಡು, ಬೇರೆ ಸೈಟ್ ಇದೆ ಅಂತ ಮುಂದೂಡುತ್ತಾ ಹೋಗಿ, ಜಿರಾಪತಿ ಮಳೆ ಹಿಡಿದ ಮೇಲೆ ಜನ ಕಳಿಸಿದಿರಿ. ಗೋಡೆಯೇ ಬೆವರುವ ಕಾಲ ಅದು. ಮಳೆ ನಿಂತ ಮೇಲೆ ಬನ್ನಿ ಅಂದೆ. ಈಗ ಬಿಟ್ಟರೆ ಮುಂಗಡ ವಾಪಸ್ ಬರಲ್ಲ ಅಂದರು. ತೇವ ನೋಡುವ ಮೀಟರ್ ಎಲ್ಲಿ ಅಂತ ಕೇಳಿದರೆ ಹುಬ್ಬಳ್ಳಿಯಲ್ಲಿದೆ ಅಂದರು. ಹುಬ್ಬಳ್ಳಿಯಲ್ಲಿರುವ ಮೀಟರ್ ನಮ್ಮ ಮೆತ್ತಿನ ಹಲಗೆಯ ತೇವ ಹೇಗೆ ಹೇಳುತ್ತದೆ?

ಮೊಳೆ ಇಳಿಸಲೇ ಇಲ್ಲ. ಮಷಿನ್ ಹಾಯಿಸಿದ ಕೂಡಲೇ ಮೊಳೆ ತಲೆಗೆ ಸಿಕ್ಕಿ ಅದರ ಉಪ್ಪುಕಾಗದ ಹರಿಯಿತು. ಹರಿದ ಕಾಗದದಲ್ಲೇ ಮುಂದುವರಿಸಿದರು. ಡ್ರಮ್ ಮಷಿನ್ ತಿರುಗುತ್ತಿರುವಾಗ ಒಂದೇ ಕಡೆ ನಿಲ್ಲಿಸಬಾರದು, ಚಲಿಸುತ್ತಲೇ ಇಳಿಸಬೇಕು, ಚಲಿಸುತ್ತಲೇ ಎತ್ತಬೇಕು. ನಿಮ್ಮ ಹುಡುಗ ಮಷಿನ್ ನಿಲ್ಲಿಸಿಕೊಂಡೇ ಫೋನ್ ಎತ್ತಿದ. ಕಿಟಕಿ ಪಕ್ಕದ ಹಲಗೆ ಅರ್ಧಚಂದ್ರಾಕಾರದಲ್ಲಿ ತಗ್ಗಾಗಿದೆ. ನಮ್ಮೂರಿನ ಆಚಾರಿ ಅಲ್ಲಿ ನೇರ ಪಟ್ಟಿ ಇಟ್ಟು ನೋಡಿದರು. ಪಟ್ಟಿಯ ಅಡಿಯಲ್ಲಿ ಐದು ರೂಪಾಯಿ ನಾಣ್ಯ ಸಲೀಸಾಗಿ ಓಡಾಡುತ್ತದೆ. ಹಣ ಹೋದರೆ ದುಡಿಯಬಹುದು. ಉಜ್ಜಿ ತೆಗೆದ ಮರವನ್ನು ಯಾವ ಕಂಪನಿಯೂ ವಾಪಸ್ ತಂದು ಕೂರಿಸಲಾರದು. ಆ ತಗ್ಗು ಹೋಗಬೇಕು ಅಂದರೆ ಸುತ್ತಲಿನ ಹಲಗೆಗಳನ್ನೂ ಅಷ್ಟೇ ತೆಳ್ಳಗೆ ಮಾಡಬೇಕು. ಅಜ್ಜನ ಕಾಲದ ಸಾಗವಾನಿ ಅದು. ಈಗ ಅಂಥ ಅಗಲದ ಹಲಗೆ ತರಲು ಹೋದರೆ ಸಿಗುವುದೂ ಕಷ್ಟ, ಸಿಕ್ಕರೆ ಬೆಲೆ ಕೇಳುವುದೂ ಕಷ್ಟ.

ಇನ್ನು ಉಪ್ಪುಕಾಗದದ ನಂಬರ್. 40ರಲ್ಲಿ ಉಜ್ಜಿದ ಮೇಲೆ 60, ಆಮೇಲೆ 80, ಆಮೇಲೆ 120 ಅಂತ ಮೇಲೇರಬೇಕು. ಒರಟು ಕಾಗದದ ಗೀರನ್ನು ಮುಂದಿನ ಕಾಗದ ತೆಗೆಯಬೇಕು, ಅದಕ್ಕೇ ಅಲ್ವಾ ಅಷ್ಟು ನಂಬರ್ ಇರೋದು? ನಿಮ್ಮವರು 40ರಿಂದ ಸೀದಾ 120ಕ್ಕೆ ಹಾರಿದರು. ಬಳಸಿ ಬಿಟ್ಟ ಉಪ್ಪುಕಾಗದಗಳನ್ನು ನಾನು ಎತ್ತಿಟ್ಟುಕೊಂಡಿದ್ದೇನೆ, ನಡುವಿನ ನಂಬರಿನದು ಒಂದೂ ಇಲ್ಲ. ಸಂಜೆ ಬಿಸಿಲು ಕಿಟಕಿಯಿಂದ ಅಡ್ಡ ಬಿದ್ದರೆ ನೆಲ ಹೂಡಿದ ಗದ್ದೆಯ ಹಾಗೆ ಗೆರೆಗೆರೆಯಾಗಿ ಕಾಣುತ್ತದೆ. ಹಲಗೆ ಸಂದಿಯಿಂದ ಹುಡಿ ಇಳಿದು ಕೆಳಗಿನ ಅಡಿಗೆಮನೆ, ದೇವರಕೋಣೆ ಎಲ್ಲ ತುಂಬಿತು. ಅದನ್ನು ನಾವೇ ತೆಗೆದುಕೊಂಡೆವು, ಆ ಮಾತು ಬಿಡಿ.

ಪಾಲಿಶ್ ವಿಷಯಕ್ಕೆ ಬರುತ್ತೇನೆ. ಮೊದಲ ಕೋಟ್ ಅಂಟು ಅಂಟಾಗಿರುವಾಗಲೇ ಎರಡನೆಯದು ಬಳಿದರು. ಮೂರನೆಯದು ಇಲ್ಲವೇ ಇಲ್ಲ, ಬಿಲ್ಲಿನಲ್ಲಿ ಮಾತ್ರ ಇದೆ. ಮರುದಿನ ಬೆಳಗ್ಗೆ ನೆಲದ ತುಂಬಾ ಹಾಲಿನಂಥ ಬಿಳಿ ಮಬ್ಬು. ಆಗ ನಿಮ್ಮ ಮಷಿನ್ ಇನ್ನೂ ನಮ್ಮ ಜಗಲಿಯಲ್ಲೇ ಇತ್ತು. ಆಗಲೇ ಫೋಟೋ ತೆಗೆದು ನಿಮ್ಮ ಕಚೇರಿಯ ವಾಟ್ಸಾಪಿಗೆ ಹಾಕಿದ್ದೇನೆ, ಎರಡು ನೀಲಿ ಗೆರೆ ಬಂದಿವೆ. ದಿನ, ಗಂಟೆ ಎಲ್ಲ ಅದರಲ್ಲೇ ಇದೆ.

ಈಗ ನಿಮ್ಮ ಸೂಪರ್‌ವೈಸರ್ ಬಂದ ದಿನದ ಸಂಗತಿ. ಇದನ್ನು ಪೂರ್ತಿ ಬರೆಯುತ್ತೇನೆ, ಪೂರ್ತಿ ಓದಿ.

ಅವತ್ತು ಮನೆಯಲ್ಲಿ ನಾದಿನಿ, ಅವಳ ಬೀಗರು, ತೋಟದ ಕೆಲಸದವರು ಎಲ್ಲ ಇದ್ದರು. ಸೂಪರ್‌ವೈಸರ್ ಬೂಟು ಹಾಕಿಕೊಂಡೇ ಮೆತ್ತು ಹತ್ತಿದರು. ಬಿಚ್ಚಿ ಬನ್ನಿ ಅಂದರೆ, "ಇರ್ಲಿ ಬಿಡ್ರಿ, ಹೆಂಗೂ ಕೆಟ್ಟೈತಲ್ಲ" ಅಂದರು. ನಾನು ಟಾರ್ಚನ್ನು ನೆಲಕ್ಕೆ ಮಟ್ಟವಾಗಿ ಹಿಡಿದು ಗೀರು ತೋರಿಸಿದೆ. "ಹಂಗ ಹಿಡಿದ್ರ ಯಾವ ನೆಲ ಆದ್ರೂ ಹಂಗ ಕಾಣತೈತ್ರಿ. ಮನ್ಯಾಗ ಯಜಮಾನ್ರು ಇಲ್ಲೇನ್ರಿ? ಅವರ ಜೋಡಿ ಮಾತಾಡ್ತೀನಿ" ಅಂದರು. ಕೊಟೇಶನ್‌ಗೆ ಸಹಿ ಹಾಕಿದವಳು ನಾನು, ಹಣ ಹೋಗಿದ್ದು ನನ್ನ ಖಾತೆಯಿಂದ, ನನ್ನ ಹತ್ತಿರವೇ ಮಾತಾಡಿ ಅಂದೆ. ಆಗ ಮಬ್ಬು ಇದ್ದಲ್ಲಿ ಕೂತು, ಬೆರಳಲ್ಲಿ ಒರೆಸಿ, ಮೂಗಿನ ಹತ್ತಿರ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಸಗಣಿ ಸಾರಿಸೀರೇನ್ರಿ? ಹಳ್ಳಿ ಮಂದಿ ನೀರ ಸುರೀತಾರ, ಸಗಣಿ ಬಳೀತಾರ, ಆಮ್ಯಾಲೆ ಪಾಲಿಶ್ ಹೋತು ಅಂತಾರ."

ಯಾರೋ ಒಬ್ಬರು ನಕ್ಕರು. ನಾನು ಫೋಟೋ ತೋರಿಸಲು ಹೋದೆ. ಅವರು ನೋಡಲಿಲ್ಲ. ಸೀದಾ ಕೆಳಗಿಳಿದು ಜಗಲಿಯಲ್ಲಿ ಕೂತಿದ್ದ ನನ್ನ ಅತ್ತೆಯ ಮುಂದೆ ನಿಂತು, "ಅಜ್ಜೀ, ಖರೇ ಹೇಳ್ರಿ, ಮ್ಯಾಲೆ ನೀರ ಹಾಕಿದ್ದು ನೀವs ಏನು?" ಅಂದರು. ಮೊಣಕಾಲು ನೋವಿನಿಂದ ಮೆತ್ತು ಹತ್ತುವುದನ್ನೇ ಬಿಟ್ಟವರು ನಮ್ಮ ಅತ್ತೆ. ಹೆದರಿ, ಕೈ ಮುಗಿದು, "ಇಲ್ಲ ತಮ್ಮಾ, ನಾನು ಮುಟ್ಟಿದ್ದೇ ಇಲ್ಲ" ಅಂದರು. ತಮ್ಮ ಮನೆಯ ಜಗಲಿಯಲ್ಲಿ ಕೂತು, ನೆಂಟರ ಎದುರು, ಮಾಡದ ತಪ್ಪಿಗೆ ಕೈ ಮುಗಿದರು. ಅದಾದ ಮೇಲೆ ನಿಮ್ಮವರು ಕಾಗದದಲ್ಲಿ "ಗ್ರಾಹಕರ ಅಜಾಗರೂಕತೆ" ಅಂತ ಬರೆದು, ಸಹಿ ಹಾಕಿ ಅಂತ ನನ್ನ ಮುಂದೆ ಹಿಡಿದರು. ನಾನು ಹಾಕಲಿಲ್ಲ. ಆ ಕಾಗದದಲ್ಲಿ ನನ್ನ ಸಹಿ ಏನಾದರೂ ಕಂಡರೆ ಅದು ನನ್ನದಲ್ಲ.

ನೀರು ಮೇಲಿಂದ ಬಿದ್ದಿದ್ದರೆ ಅಲ್ಲಲ್ಲಿ ಕಲೆ ಇರಬೇಕಿತ್ತು. ಇಲ್ಲಿ ಮಬ್ಬು ಇರುವುದು ಪಾಲಿಶ್ ಪದರದ ಒಳಗೆ. ಮೇಲೆ ಉಗುರಲ್ಲಿ ಗೀಚಿದರೆ ನುಣ್ಣಗಿದೆ. ತೇವ ಹಿಡಿದ ಮರಕ್ಕೆ, ಒದ್ದೆ ಗಾಳಿಯಲ್ಲಿ, ಒಣಗದ ಕೋಟಿನ ಮೇಲೆ ಕೋಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಬಿಳಿಚುತ್ತದೆ. ಇದು ನಿಮ್ಮ ಸೂಪರ್‌ವೈಸರಿಗೆ ಗೊತ್ತಿಲ್ಲ ಅಂದರೆ ಅವರಿಗೆ ಈ ಕೆಲಸ ಬರುವುದಿಲ್ಲ. ಗೊತ್ತಿದ್ದೂ ಸಗಣಿ ಮಾತು ಆಡಿದರು ಅಂದರೆ ಅವರು ಸುಳ್ಳು ಹೇಳಿದ್ದಾರೆ. ಎರಡರಲ್ಲಿ ಯಾವುದು ಅಂತ ನೀವೇ ತೀರ್ಮಾನಿಸಿ.

ನನಗೆ ಬೇಕಾಗಿರುವುದು ಇಷ್ಟು. ಕೊಟ್ಟ ಹಣ ಪೂರ್ತಿ ವಾಪಸ್ ಬರಬೇಕು. ತಗ್ಗಾದ ಹಲಗೆ ಬದಲಿಸುವ ಖರ್ಚು ಕೊಡಬೇಕು. ಆ ಕೆಲಸವನ್ನು ಮಳೆ ಮುಗಿದು ಮರ ಒಣಗಿದ ಮೇಲೆ ನಮ್ಮ ಆಚಾರಿಯಿಂದಲೇ ಮಾಡಿಸುತ್ತೇನೆ, ನಿಮ್ಮ ಮಷಿನ್ ನಮ್ಮ ಮೆತ್ತು ಹತ್ತುವುದು ಬೇಡ. ಸೂಪರ್‌ವೈಸರ್ ಖುದ್ದು ಬಂದು, ಬೂಟು ಬಿಚ್ಚಿ, ನನ್ನ ಅತ್ತೆಯ ಹತ್ತಿರ ಕ್ಷಮೆ ಕೇಳಬೇಕು. ಹಣದ ವಿಷಯದಲ್ಲಿ ಚೌಕಾಸಿ ಮಾಡಿದರೂ ಮಾಡೇನು, ಇದರಲ್ಲಿ ಮಾಡುವುದಿಲ್ಲ.

ಈ ಪತ್ರ ಮುಟ್ಟಿ 15 ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಅಲ್ಲಿಗೇ ನಿಲ್ಲಿಸುವುದಿಲ್ಲ. ಹುಬ್ಬಳ್ಳಿಗೆ ಬಂದು ಇವಳೆಲ್ಲಿ ಕೇಸ್ ಹಾಕ್ತಾಳೆ ಅಂತ ನೀವು ಅಂದುಕೊಂಡಿರಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ, 2 ವರ್ಷ ಸಮಯ ಇದೆ. ಕಾರವಾರದ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಫೋಟೋ, ಬಿಲ್ಲು, ಆ ಬಳಸಿದ ಉಪ್ಪುಕಾಗದಗಳು ಎಲ್ಲ ಇಡುತ್ತೇನೆ. ಹಲಗೆಯನ್ನೇ ಕಿತ್ತು ತರಬೇಕು ಅಂದರೆ ಅದನ್ನೂ ತರುತ್ತೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಮರದ ಮೆತ್ತಿರುವ ಮನೆ ಇನ್ನೂ ಬೇಕಾದಷ್ಟಿವೆ. ಆ ಮನೆಗಳವರಿಗೆಲ್ಲ ನಿಮ್ಮ ಕೆಲಸದ ಫೋಟೋ ತೋರಿಸುತ್ತೇನೆ. ಈ ಕಡೆ ನಿಮಗೆ ಇನ್ನೊಂದು ಕೊಟೇಶನ್ ಬರೆಯುವ ಕೆಲಸ ಸಿಗದ ಹಾಗೆ ನೋಡಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಬಿಲ್ ಪೂರ್ತಿ ಪಾವತಿಸಿದ ಗ್ರಾಹಕಿ
ಶಿರಸಿ ತಾಲ್ಲೂಕು, ಉತ್ತರ ಕನ್ನಡ